ಹೂವನ್ನು ಬಿಡಿಸಿ ಗಿಡದ ಕುಟುಂಬವನ್ನು ಗುರುತಿಸುವ ಕ್ರಮ

ಗೊತ್ತಿಲ್ಲದ ಗಿಡವೊಂದರ ಹೆಸರು ತಿಳಿಯಬೇಕೆನ್ನುವವರು ಮೊದಲು ಹೂವಿನ ಬಣ್ಣವನ್ನೂ ಆಮೇಲೆ ಎಲೆಯ ಆಕಾರವನ್ನೂ ನೋಡುತ್ತಾರೆ. ಸಸ್ಯಗಳ ವರ್ಗೀಕರಣದಲ್ಲಿ ಈ ಎರಡಕ್ಕೂ ಇರುವ ಬೆಲೆ ಕಡಿಮೆ. ಬಿಳಿಯ ದಾಸವಾಳವೂ ಕೆಂಪು ದಾಸವಾಳವೂ ಅಕ್ಕಪಕ್ಕದ ಹಿತ್ತಿಲುಗಳಲ್ಲಿ ಬೆಳೆಯುವ ಒಂದೇ ಬಗೆಯ ಗಿಡಗಳಾಗಿರಬಹುದು. ಹಲಸಿನ ಎಳೆಯ ಸಸಿಯಲ್ಲಿ ಸೀಳಿದ ಎಲೆಗಳಿದ್ದು, ಮರ ಬಲಿತ ಮೇಲೆ ಸೀಳಿಲ್ಲದ ಎಲೆಗಳು ಬರುತ್ತವೆ. ಆದರೆ ಹೂವಿನ ಭಾಗಗಳು ಎಷ್ಟಿವೆ, ಅವು ಬಿಡಿಯಾಗಿವೆಯೋ ಒಂದಕ್ಕೊಂದು ಕೂಡಿಕೊಂಡಿವೆಯೋ, ಅಂಡಾಶಯವು ದಳಗಳಿಗಿಂತ ಮೇಲಿದೆಯೋ ಕೆಳಗಿದೆಯೋ ಎಂಬ ಮೂರು ಸಂಗತಿಗಳು ಮಣ್ಣು, ನೀರು, ಬಿಸಿಲು ಬದಲಾದರೂ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಈ ಮೂರನ್ನು ನೋಡಲು ಕಲಿತವರು ಹೆಸರೇ ಗೊತ್ತಿಲ್ಲದ ಗಿಡವನ್ನೂ ಅದರ ಕುಟುಂಬದವರೆಗೆ ಕೊಂಡೊಯ್ಯಬಲ್ಲರು.

ಕುಟುಂಬದವರೆಗೆ ಎಂದು ಹೇಳುವುದಕ್ಕೆ ಕಾರಣವಿದೆ. ಭೂಮಿಯ ಮೇಲೆ ಹೂಬಿಡುವ ಸಸ್ಯಗಳ ಪ್ರಭೇದಗಳು ಸುಮಾರು 3 ಲಕ್ಷ. ಅವನ್ನೆಲ್ಲ ನೆನಪಿಡುವುದು ಯಾರಿಗೂ ಆಗದ ಕೆಲಸ. ಈಗ ವ್ಯಾಪಕವಾಗಿ ಬಳಕೆಯಲ್ಲಿರುವ, 2016ರಲ್ಲಿ ಪ್ರಕಟವಾದ ಎಪಿಜಿ (ಆಂಜಿಯೋಸ್ಪರ್ಮ್ ಫೈಲೋಜೆನಿ ಗ್ರೂಪ್ ಎಂಬ ಸಸ್ಯವಿಜ್ಞಾನಿಗಳ ಗುಂಪು) ವರ್ಗೀಕರಣದ ನಾಲ್ಕನೆಯ ಆವೃತ್ತಿ ಈ ಪ್ರಭೇದಗಳನ್ನು 64 ಗಣಗಳಲ್ಲಿ, 416 ಕುಟುಂಬಗಳಲ್ಲಿ ಇಡುತ್ತದೆ. ನಮ್ಮ ಹಿತ್ತಿಲು, ಹೊಲ, ಬೇಲಿ ಮತ್ತು ಕೆರೆಯಂಚುಗಳಲ್ಲಿ ದಿನವೂ ಕಣ್ಣಿಗೆ ಬೀಳುವ ಗಿಡಗಳ ಬಹುಪಾಲು ಇವುಗಳಲ್ಲಿ ಕೆಲವೇ ಕುಟುಂಬಗಳಿಗೆ ಸೇರಿದವು. ಪ್ರಭೇದದ ಹೆಸರಿಗೆ ಆತುರಪಡದೆ ಕುಟುಂಬವನ್ನು ಸರಿಯಾಗಿ ಗುರುತಿಸುವುದೇ ಹೊಸಬರಿಗೆ ಮೇಲು ಎಂದು ನಾನು ಹೇಳುತ್ತೇನೆ. ಕುಟುಂಬ ಸರಿಯಾಗಿದ್ದರೆ ಹೆಸರು ತಡವಾಗಿಯಾದರೂ ಸಿಗುತ್ತದೆ, ಕುಟುಂಬವೇ ತಪ್ಪಿದ್ದರೆ ಎಷ್ಟು ಚಿತ್ರಗಳನ್ನು ಹೋಲಿಸಿ ನೋಡಿದರೂ ಸಿಗುವುದಿಲ್ಲ.

ಹೂಬಿಡುವ ಸಸ್ಯ ಎಂದರೆ ಯಾವುದು

ಹೂಬಿಡುವ ಸಸ್ಯಗಳನ್ನು ಆವೃತಬೀಜ ಸಸ್ಯಗಳೆನ್ನುತ್ತಾರೆ. ಮುಂದೆ ಬೀಜವಾಗಬೇಕಾದ ಅಂಡಕವು ಅಂಡಾಶಯವೆಂಬ ಮುಚ್ಚಿದ ಕೋಣೆಯೊಳಗೆ ಇರುವುದೇ ಇವುಗಳ ಮುಖ್ಯ ಲಕ್ಷಣ. ಆ ಅಂಡಾಶಯ ಬಲಿತು ಕಾಯಾಗುತ್ತದೆ. ಸೈಕಸ್ ಮತ್ತು ಪೈನ್‌ಗಳಲ್ಲಿ ಅಂಡಕಕ್ಕೆ ಇಂಥ ಕೋಣೆಯಿಲ್ಲ, ಆದ್ದರಿಂದ ಅವು ಅನಾವೃತಬೀಜ ಸಸ್ಯಗಳು. ಎರಡನೆಯ ಲಕ್ಷಣ ಬರಿಗಣ್ಣಿಗೆ ಕಾಣುವಂಥದಲ್ಲ. ಪರಾಗನಳಿಕೆಯಲ್ಲಿ ಬರುವ ಎರಡು ಗಂಡು ಕೋಶಗಳಲ್ಲಿ ಒಂದು ಅಂಡದೊಡನೆ ಸೇರಿ ಭ್ರೂಣವಾಗುತ್ತದೆ, ಇನ್ನೊಂದು ಭ್ರೂಣಚೀಲದ ನಡುವಿನ ಕೇಂದ್ರಗಳೊಡನೆ ಸೇರಿ ಭ್ರೂಣಾಹಾರವನ್ನು ಹುಟ್ಟಿಸುತ್ತದೆ. ಈ ಇಮ್ಮಡಿ ನಿಷೇಚನವನ್ನು 1898ರಲ್ಲಿ ಸೆರ್ಗೈ ನವಾಶಿನ್ ಎಂಬ ಸಸ್ಯವಿಜ್ಞಾನಿ ವಿವರಿಸಿದರು. ನಾವು ಕುಡಿಯುವ ಎಳನೀರು ಮತ್ತು ತುರಿಯುವ ಕೊಬ್ಬರಿ ಎರಡೂ ಈ ಭ್ರೂಣಾಹಾರವೇ. ಅಕ್ಕಿ ಮತ್ತು ರಾಗಿಯ ಹಿಟ್ಟಿನ ಹೆಚ್ಚಿನ ಭಾಗವೂ ಅದೇ.

ಹೊರನೋಟಕ್ಕೆ ಮೋಸ ಮಾಡುವ ಗಿಡವೆಂದರೆ ಕರಾವಳಿಯ ಗಾಳಿಮರ. ಅದರ ಕಡ್ಡಿಯಂಥ ಹಸಿರು ಭಾಗಗಳನ್ನೂ ಮುಳ್ಳುಮುಳ್ಳಾದ ಕಾಯಿಯನ್ನೂ ನೋಡಿದವರು ಅದನ್ನು ಪೈನ್‌ನ ಬಂಧುವೆಂದು ತಿಳಿಯುತ್ತಾರೆ. ಆ ಹಸಿರು ಕಡ್ಡಿಗಳು ಎಲೆಗಳಲ್ಲ, ಕಾಂಡಗಳು. ಒಂದೊಂದು ಗೆಣ್ಣಿನಲ್ಲಿಯೂ ಸುತ್ತಲೂ ಸಣ್ಣ ಹಲ್ಲುಗಳ ಹಾಗೆ ನಿಂತಿರುವುವೇ ನಿಜವಾದ ಎಲೆಗಳು. ಕಾಯಿಯೆಂದು ಕಾಣುವುದು ಅನೇಕ ಹೂಗಳಿಂದಾದ ಫಲಗಳ ಗುಂಪು. ಗಾಳಿಮರ ಪೂರ್ಣಾರ್ಥದಲ್ಲಿ ಹೂಬಿಡುವ ಸಸ್ಯ.

ಬಿಡಿಸುವ ಕೆಲಸ

ಇದಕ್ಕೆ ಬೇಕಾದ ಸಲಕರಣೆಗಳು ಕೆಲವೇ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ, ಹೊಸ ಬ್ಲೇಡು, ಒಂದು ಸೂಜಿ, ಒಂದು ಬಿಳಿಯ ಹಾಳೆ. ಹೂವು ಆ ದಿನವೇ ಅರಳಿದ್ದಾಗಿರಬೇಕು, ಜೊತೆಗೆ ಒಂದು ಮೊಗ್ಗೂ ಒಂದು ಕಾಯಿಯೂ ಇರಬೇಕು. ಸುತ್ತುದಳದ, ಅಂದರೆ ದಳಗಳು ಹಲವು ಸುತ್ತುಗಳಲ್ಲಿರುವ ಹೂವನ್ನು ಆರಿಸಬಾರದು. ಗುಲಾಬಿ, ದುಂಡುಮಲ್ಲಿಗೆ, ಮುದ್ದೆ ದಾಸವಾಳಗಳಲ್ಲಿ ಪರಾಗ ಕೊಡುವ ಗಂಡು ಭಾಗಗಳಾದ ಕೇಸರಗಳು ದಳಗಳಾಗಿ ಮಾರ್ಪಟ್ಟಿರುವುದು ಸಾಮಾನ್ಯವಾದ್ದರಿಂದ ಅವುಗಳಲ್ಲಿ ಎಣಿಕೆಗೆ ಅರ್ಥವೇ ಉಳಿಯುವುದಿಲ್ಲ.

ಕಲಿಯಲು ಒಂಟಿ ಸುತ್ತಿನ ದಾಸವಾಳಕ್ಕಿಂತ ಒಳ್ಳೆಯ ಹೂವಿಲ್ಲ, ಏಕೆಂದರೆ ಅದರ ಭಾಗಗಳೆಲ್ಲ ದೊಡ್ಡವು. ಹೊರಗಿನಿಂದ ಒಳಗೆ ಹೋಗುವುದು ನಿಯಮ. ತೊಟ್ಟಿನ ಹತ್ತಿರ ಮೊದಲು ಕಾಣುವುದು ಕಿರಿದಾದ ಹಸಿರು ಎಸಳುಗಳ ಒಂದು ಸುತ್ತು. ಇದು ಉಪಪುಷ್ಪಪಾತ್ರೆ, ಎಲ್ಲ ಹೂಗಳಲ್ಲಿಯೂ ಇರುವುದಿಲ್ಲ. ಅದರೊಳಗೆ ಐದು ಹಲ್ಲುಗಳ ಬಟ್ಟಲಿನ ಆಕಾರದಲ್ಲಿ ಪುಷ್ಪಪಾತ್ರೆ ಇದೆ, ಅಂದರೆ ಐದು ಪುಷ್ಪಪತ್ರಗಳು ಕೂಡಿಕೊಂಡಿವೆ. ಅದನ್ನು ಉದ್ದಕ್ಕೆ ಸೀಳಿ ತೆಗೆದರೆ ಐದು ದಳಗಳು ಸಿಗುತ್ತವೆ. ಮೊಗ್ಗನ್ನು ನೋಡಿದರೆ ಇವು ಒಂದರ ಅಂಚು ಮತ್ತೊಂದರ ಮೇಲೆ ಬರುವಂತೆ ಸುರುಳಿಯಾಗಿ ತಿರುಚಿಕೊಂಡಿರುವುದು ಗೊತ್ತಾಗುತ್ತದೆ. ಇಲ್ಲಿ ಎಚ್ಚರ ಬೇಕು: ಬಾಡಿದ ದಾಸವಾಳದ ದಳಗಳೆಲ್ಲ ಒಟ್ಟಿಗೇ ಉದುರುವುದನ್ನು ಕಂಡು ದಳಗಳು ಕೂಡಿವೆ ಎಂದು ಬರೆದುಕೊಳ್ಳುವವರು ಬಹಳ. ದಳಗಳು ಪರಸ್ಪರ ಬಿಡಿಯಾಗಿಯೇ ಇವೆ. ಅವು ಬುಡದಲ್ಲಿ ಕೇಸರನಾಳಕ್ಕೆ ಅಂಟಿಕೊಂಡಿರುವುದರಿಂದ ಜೊತೆಯಾಗಿ ಬೀಳುತ್ತವೆ.

ನಡುವಿನ ಕೋಲಿನಂಥ ಭಾಗವೇ ಕೇಸರನಾಳ. ಅನೇಕ ಕೇಸರಗಳ ದಂಡಗಳು ಕೂಡಿ ಈ ನಾಳವಾಗಿವೆ. ಅದರ ಮೈಮೇಲಿನ ಹಳದಿ ಚುಕ್ಕೆಗಳು ಪರಾಗಕೋಶಗಳು, ಮಸೂರದಲ್ಲಿ ನೋಡಿದರೆ ಒಂದೊಂದೂ ಮೂತ್ರಪಿಂಡದ ಆಕಾರದಲ್ಲಿದ್ದು ಒಂದೇ ಕೋಣೆಯನ್ನು ಹೊಂದಿದೆ. ನಾಳವನ್ನು ಉದ್ದಕ್ಕೆ ಸೀಳಿದಾಗ ಒಳಗೆ ಸಣ್ಣ ದಾರದಂಥ ಶಲಾಕೆ ಕಾಣುತ್ತದೆ, ತುದಿಯಲ್ಲಿ ಅದು ಐದಾಗಿ ಕವಲೊಡೆದು ಐದು ಕೆಂಪು ಶಲಾಕಾಗ್ರಗಳಲ್ಲಿ ಮುಗಿಯುತ್ತದೆ. ಬುಡದ ಅಂಡಾಶಯವನ್ನು ಅಡ್ಡಲಾಗಿ ಕೊಯ್ದರೆ ಐದು ಕೋಣೆಗಳು, ಅವುಗಳ ನಡುವಿನ ಕಂಬಕ್ಕೆ ಅಂಟಿಕೊಂಡ ಅಂಡಕಗಳು. ದಾಸವಾಳದ ಅಂಡಾಶಯ ಚಿಕ್ಕದಾಗಿದ್ದು ಕಣ್ಣಿಗೆ ಕಷ್ಟವೆನಿಸಿದರೆ ಬೆಂಡೆಕಾಯಿಯನ್ನು ಅಡ್ಡಲಾಗಿ ಹೆಚ್ಚಿ ನೋಡಬಹುದು; ಅದೂ ಇದೇ ಕುಟುಂಬದ್ದು, ಐದು ಅಥವಾ ಅದಕ್ಕಿಂತ ಹೆಚ್ಚು ಕೋಣೆಗಳೂ ನಡುಗಂಬಕ್ಕೆ ಅಂಟಿದ ಬೀಜಗಳೂ ಅಡಿಗೆಮನೆಯಲ್ಲೇ ಸ್ಪಷ್ಟವಾಗಿ ಕಾಣುತ್ತವೆ. ಕೂಡಿದ ಕೇಸರಗಳ ನಾಳ, ಒಂದೇ ಕೋಣೆಯ ಪರಾಗಕೋಶ, ತಿರುಚಿದ ಮೊಗ್ಗು, ಲೋಳೆಯಿರುವ ಎಲೆ ಇವೆಲ್ಲ ಒಂದೆಡೆ ಸೇರಿದರೆ ಅದು ಮಾಲ್ವೇಸೀ ಕುಟುಂಬ. ಹತ್ತಿಯ ಹೂವಿನಲ್ಲೂ ಹೂವರಸಿಯಲ್ಲೂ ಇದೇ ರಚನೆಯನ್ನು ಕಾಣಬಹುದು.

ಕಂಡದ್ದನ್ನು ವಾಕ್ಯಗಳಲ್ಲಿ ಬರೆಯುವುದಕ್ಕಿಂತ ಪುಷ್ಪಸೂತ್ರವಾಗಿ ಬರೆದುಕೊಳ್ಳುವುದು ಉತ್ತಮ. ಪುಷ್ಪಪಾತ್ರೆಗೆ ಪು, ದಳಕ್ಕೆ ದ, ಕೇಸರಕ್ಕೆ ಕೇ, ಅಂಡಾಶಯಕ್ಕೆ ಅಂ ಎಂದಿಟ್ಟುಕೊಂಡು, ಕೂಡಿದ ಭಾಗಗಳ ಸಂಖ್ಯೆಗೆ ಆವರಣ ಹಾಕಿದರೆ ದಾಸವಾಳದ ಸೂತ್ರ ಪು(5) ದ5 ಕೇ(ಅನೇಕ) ಅಂ(5) ಎಂದಾಗುತ್ತದೆ. ಬದನೆಯ ಹೂವನ್ನು ಹೀಗೆಯೇ ಬಿಡಿಸಿದರೆ ಪು(5) ದ(5) ಕೇ5 ಅಂ(2) ಎಂದು ಬರುತ್ತದೆ. ಎರಡನ್ನೂ ಕೆಳಗುಮೇಲೆ ಬರೆದಾಗ ಎಲ್ಲಿ ವ್ಯತ್ಯಾಸವಿದೆಯೆಂಬುದು ತಾನಾಗಿ ಎದ್ದು ಕಾಣುತ್ತದೆ.

ಅಂಡಾಶಯದ ಸ್ಥಾನವನ್ನು ಸಂತೆಯಲ್ಲಿ ಕಲಿಯಬಹುದು

ಅಂಡಾಶಯವು ದಳ ಮತ್ತು ಪುಷ್ಪಪತ್ರಗಳು ಹುಟ್ಟುವ ಜಾಗಕ್ಕಿಂತ ಮೇಲಿದ್ದರೆ ಅದನ್ನು ಉಚ್ಚಸ್ಥಾನದ್ದೆಂದೂ ಕೆಳಗಿದ್ದರೆ ನೀಚಸ್ಥಾನದ್ದೆಂದೂ ಕರೆಯುತ್ತಾರೆ. ಹೊಸಬರು ಅತಿ ಹೆಚ್ಚು ತಡವರಿಸುವುದು ಇಲ್ಲಿಯೇ. ಹೂವಿನಲ್ಲಿ ಅನುಮಾನ ಬಂದರೆ ಕಾಯನ್ನು ನೋಡಬೇಕು. ಬದನೆಕಾಯಿಯಲ್ಲಿಯೂ ಟೊಮ್ಯಾಟೊದಲ್ಲಿಯೂ ಹಸಿರು ಪುಷ್ಪಪಾತ್ರೆ ತೊಟ್ಟಿನ ಕಡೆ ಇರುತ್ತದೆ. ಅಂಡಾಶಯ ಅದರ ಮೇಲೆ ಬೆಳೆದಿದೆ, ಆದ್ದರಿಂದ ಅದು ಉಚ್ಚಸ್ಥಾನದ್ದು. ಸೀಬೆಹಣ್ಣಿನಲ್ಲಿ ಒಣಗಿದ ಪುಷ್ಪಪತ್ರಗಳು ತೊಟ್ಟಿನ ಎದುರಿನ ತುದಿಯಲ್ಲಿ ಉಳಿದಿರುತ್ತವೆ, ದಾಳಿಂಬೆಯಲ್ಲಿ ಅವು ಕಿರೀಟದಂತೆಯೇ ನಿಂತಿರುತ್ತವೆ. ಇವು ನೀಚಸ್ಥಾನದ ಅಂಡಾಶಯದಿಂದಾದ ಹಣ್ಣುಗಳು. ಬಾಳೆಹಣ್ಣಿನ ತುದಿಯ ಕಪ್ಪು ಚುಕ್ಕೆಯೂ ಹೂವು ಉದುರಿದ ಗುರುತು. ಕುಂಬಳ, ಸೋರೆ, ಹೀರೆಗಳಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಹೆಣ್ಣು ಹೂವಿನ ದಳಗಳ ಕೆಳಗೆ ಪುಟ್ಟ ಕಾಯಿ ಅರಳುವ ಮೊದಲೇ ಕಾಣುವುದರಿಂದ ಕುಕರ್ಬಿಟೇಸೀ ಕುಟುಂಬವನ್ನು ಗುರುತಿಸಲು ಅಷ್ಟೇ ಸಾಕು.

ಕಾಫಿಯ ಹಣ್ಣಿನ ತುದಿಯಲ್ಲಿಯೂ ಇಂಥದೊಂದು ಬಿಲ್ಲೆಯಂಥ ಗುರುತಿದೆ. ಕಾಫಿ ಮತ್ತು ಕೇಪಳಗಳು ಸೇರಿದ ರೂಬಿಯೇಸೀ ಕುಟುಂಬವನ್ನು ಹೂವಿಲ್ಲದ ಕಾಲದಲ್ಲಿಯೂ ಹಿಡಿಯಬಹುದು: ಎಲೆಗಳು ಎದುರುಬದುರಾಗಿರುತ್ತವೆ, ಸೀಳಿಲ್ಲದ ಅಂಚಿನವಾಗಿರುತ್ತವೆ, ಮತ್ತು ಎರಡು ಎಲೆತೊಟ್ಟುಗಳ ನಡುವೆ ಕಾಂಡದ ಮೇಲೆ ಚಿಕ್ಕ ತ್ರಿಕೋನದಂಥ ಕಾವಿನೆಲೆ ಅಂಟಿಕೊಂಡಿರುತ್ತದೆ. ಕೊಡಗು, ಚಿಕ್ಕಮಗಳೂರುಗಳ ತೋಟಗಳಲ್ಲಿ ಓಡಾಡುವವರು ಈ ಒಂದು ಗುರುತನ್ನು ಕಲಿತರೆ ಸುತ್ತಲಿನ ಕಾಡಿನ ಎಷ್ಟೋ ಪೊದೆಗಳು ಕಾಫಿಯ ಬಂಧುಗಳೆಂದು ತಿಳಿಯುತ್ತದೆ.

ಏಕದಳ, ದ್ವಿದಳ

ಮೊಳಕೆಯಲ್ಲಿ ಬೀಜದಳ ಒಂದೋ ಎರಡೋ ಎಂಬುದರ ಮೇಲೆ ಏಕದಳ, ದ್ವಿದಳ ಎಂಬ ಹೆಸರು ಬಂದಿದ್ದರೂ ಹೊಲದಲ್ಲಿ ನಿಂತವರಿಗೆ ಮೊಳಕೆ ಸಿಗುವುದಿಲ್ಲ. ಸಮಾನಾಂತರ ನರಗಳ ಎಲೆ, ಮೂರರ ಲೆಕ್ಕದ ಹೂವು, ತಾಯಿಬೇರಿಲ್ಲದ ನಾರುಬೇರು ಇದ್ದರೆ ಏಕದಳವೆಂದೂ, ಜಾಲದಂಥ ನರಗಳು, ನಾಲ್ಕು ಅಥವಾ ಐದರ ಲೆಕ್ಕದ ಹೂವು, ತಾಯಿಬೇರು ಇದ್ದರೆ ದ್ವಿದಳವೆಂದೂ ತೀರ್ಮಾನಿಸುತ್ತಾರೆ. ಒಂದೇ ಲಕ್ಷಣವನ್ನು ನಂಬಿದರೆ ಮೋಸಹೋಗುವುದು ಖಂಡಿತ. ಕೆಸುವಿನ ಎಲೆಯಲ್ಲಿ ಜಾಲನರಗಳಿದ್ದರೂ ಅದು ಏಕದಳ. ಸೀತಾಫಲದ ಹೂವಿನಲ್ಲಿ ಮೂರು ತಿರುಳಾದ ದಳಗಳಿದ್ದರೂ ಅದು ಏಕದಳವಲ್ಲ.

ಏಕದಳಗಳಲ್ಲಿ ಹುಲ್ಲು ಮತ್ತು ಜೊಂಡುಗಳನ್ನು ಬೇರ್ಪಡಿಸಲು ಕಾಂಡವನ್ನು ಬೆರಳುಗಳ ನಡುವೆ ಉರುಳಿಸಬೇಕು. ಭತ್ತ, ರಾಗಿ, ಗರಿಕೆಗಳ ಕಾಂಡ ದುಂಡಾಗಿದ್ದು ಗೆಣ್ಣುಗಳಿರುತ್ತವೆ. ಹೊಲದ ಕಳೆಯಾದ ಕೊನ್ನಾರಿಗಡ್ಡೆಯ ಕಾಂಡ ಮೂರು ಮೂಲೆಯದಾಗಿದ್ದು ಉರುಳುವಾಗ ಅಂಚುಗಳು ತಾಗುತ್ತವೆ, ಅದು ಹುಲ್ಲಲ್ಲ, ಸೈಪರೇಸೀ ಕುಟುಂಬದ್ದು. ಅರಿಶಿನ, ಶುಂಠಿ, ಏಲಕ್ಕಿಗಳ ಹೂವಿನಲ್ಲಿ ಪರಾಗ ಕೊಡುವ ಕೇಸರ ಒಂದೇ; ದೊಡ್ಡ ದಳವೆಂದು ಕಾಣುವ ತುಟಿಯು ವಾಸ್ತವವಾಗಿ ಮಾರ್ಪಟ್ಟ ಬಂಜೆ ಕೇಸರಗಳು. ಮಲೆನಾಡಿನ ಮರಗಳ ಮೇಲೆ ಬೆಳೆಯುವ ಸೀತೆದಂಡೆಯಂಥ ಆರ್ಕಿಡ್‌ಗಳಲ್ಲಿ ಕೇಸರ ಮತ್ತು ಶಲಾಕೆಗಳೆರಡೂ ಒಂದೇ ಸ್ತಂಭವಾಗಿ ಕೂಡಿರುತ್ತವೆ.

ಮೋಸ ಮಾಡುವ ಹೂಗಳು

ಸೂರ್ಯಕಾಂತಿಯನ್ನು ಒಂದು ಹೂವೆಂದು ತಿಳಿದು ಬಿಡಿಸಹೊರಟರೆ ಲೆಕ್ಕ ಸಿಗುವುದೇ ಇಲ್ಲ. ಅದು ನೂರಾರು ಕಿರುಹೂಗಳು ಒಂದು ತಟ್ಟೆಯ ಮೇಲೆ ಕುಳಿತ ಹೂಗೊಂಚಲು. ಅಂಚಿನ ಹಳದಿ ಎಸಳುಗಳಲ್ಲಿ ಒಂದೊಂದೂ ಒಂದು ಹೂವು, ನಡುವಿನ ಕಂದು ಕೊಳವೆಗಳಲ್ಲಿಯೂ ಒಂದೊಂದೂ ಒಂದು ಹೂವು. ನಡುವಿನ ಕೊಳವೆಯೊಂದನ್ನು ಸೂಜಿಯಿಂದ ಎತ್ತಿ ಮಸೂರದಲ್ಲಿ ನೋಡಿದರೆ ಕೂಡಿದ ಐದು ದಳಗಳು, ಪರಸ್ಪರ ಅಂಟಿಕೊಂಡು ಕೊಳವೆಯಾದ ಐದು ಪರಾಗಕೋಶಗಳು, ಕೆಳಗೆ ನೀಚಸ್ಥಾನದ ಅಂಡಾಶಯ ಕಾಣುತ್ತವೆ. ಚೆಂಡುಹೂ, ಸೇವಂತಿಗೆ, ಪಾರ್ಥೇನಿಯಂ ಕಳೆ ಎಲ್ಲವೂ ಈ ಆಸ್ಟರೇಸೀ ಕುಟುಂಬದವು. 25,000ಕ್ಕೂ ಹೆಚ್ಚು ಪ್ರಭೇದಗಳಿರುವ ಇದು ಆರ್ಕಿಡ್‌ಗಳ ಕುಟುಂಬದೊಡನೆ ಅತಿ ದೊಡ್ಡದೆಂಬ ಸ್ಥಾನವನ್ನು ಹಂಚಿಕೊಳ್ಳುತ್ತದೆ. ಹುಚ್ಚೆಳ್ಳು ಕೂಡ ಇಲ್ಲಿಯದೇ. ಹೆಸರಿನಲ್ಲಿ ಎಳ್ಳು ಇದ್ದರೂ ಎಳ್ಳಿನ ಗಿಡ ಪೆಡಾಲಿಯೇಸೀ ಎಂಬ ಬೇರೆಯೇ ಕುಟುಂಬದ್ದು. ಪಾರ್ಥೇನಿಯಂ ಅನ್ನು ಬರಿಗೈಯಲ್ಲಿ ಬಿಡಿಸಬಾರದು, ಅನೇಕರಿಗೆ ಅದರಿಂದ ಚರ್ಮದ ಉರಿ ಮತ್ತು ತುರಿಕೆ ಬರುತ್ತದೆ.

ಅತ್ತಿಯ ಹಣ್ಣು ಬಿಚ್ಚಿದರೆ ಹುಳ ಎಂಬ ಮಾತು ನಾಡಿನಲ್ಲಿದೆ. ಅತ್ತಿ, ಆಲ, ಅರಳಿಗಳ ಎಳೆಯ ಕಾಯನ್ನು ಬಿಚ್ಚಿ ಮಸೂರದಲ್ಲಿ ನೋಡುವವರಿಗೆ ಹುಳದ ಜೊತೆಗೆ ಒಳಗೋಡೆಯ ತುಂಬ ಹೂಗಳೂ ಕಾಣುತ್ತವೆ. ಆ ಹುಳಗಳು ಅವುಗಳ ಪರಾಗಸ್ಪರ್ಶಕ್ಕೆ ಬಂದ ಸಣ್ಣ ಕಣಜಗಳು.

ಹುರುಳಿ, ಅವರೆ, ತೊಗರಿಗಳ ಕುಟುಂಬ ಫ್ಯಾಬೇಸೀ. ಅಂಡಾಶಯವನ್ನು ಕಟ್ಟುವ ಒಂದೊಂದು ಘಟಕವನ್ನೂ ಕಾರ್ಪೆಲ್ ಎನ್ನುತ್ತಾರೆ. ಒಂದೇ ಕಾರ್ಪೆಲ್‌ನಿಂದಾದ ಕೋಡು ಇದರ ಎಲ್ಲೆಡೆಯ ಗುರುತು, ಹೂವು ಮಾತ್ರ ಮೂರು ಬಗೆಯದು. ಅವರೆಯ ಹೂವಿನಲ್ಲಿ ಒಂದು ದೊಡ್ಡ ಧ್ವಜದಳ, ಎರಡು ರೆಕ್ಕೆದಳ, ಕೂಡಿಕೊಂಡು ದೋಣಿಯಾದ ಇನ್ನೆರಡು ದಳಗಳಿರುತ್ತವೆ, ಹತ್ತು ಕೇಸರಗಳಲ್ಲಿ ಒಂಬತ್ತು ಒಟ್ಟಾಗಿದ್ದು ಒಂದು ಬಿಡಿಯಾಗಿರುತ್ತದೆ. ತಂಗಡಿ ಮತ್ತು ಕಕ್ಕೆಗಳ ದಳಗಳು ಹೆಚ್ಚುಕಡಿಮೆ ಸಮವಾಗಿರುತ್ತವೆ. ಜಾಲಿ ಮತ್ತು ಮುಟ್ಟಿದರೆ ಮುನಿಗಳಲ್ಲಿ ದಳಗಳು ಅತಿ ಚಿಕ್ಕವು, ಚೆಂಡಿನಂತೆ ಕಾಣುವುದು ಕೇಸರಗಳ ರಾಶಿ. ಶಂಖಪುಷ್ಪವನ್ನು ನೋಡುವಾಗ ಅದು ತಲೆಕೆಳಗಾಗಿ ಅರಳುತ್ತದೆಂಬುದನ್ನು ನೆನಪಿಡಬೇಕು, ಅದರ ಧ್ವಜದಳ ಕೆಳಗಿರುತ್ತದೆ.

ತುಂಬೆ ಮತ್ತು ಆಡುಸೋಗೆಗಳೆರಡೂ ಎರಡು ತುಟಿಯ ಬಿಳಿ ಹೂವಿನವು, ಎರಡರಲ್ಲೂ ಎಲೆಗಳು ಎದುರುಬದುರು. ಹೀಗೆ ಹೊರಗಿನಿಂದ ಒಂದೇ ತೆರನಾಗಿ ಕಾಣುವ ಕುಟುಂಬಗಳನ್ನು ಬೇರ್ಪಡಿಸುವುದು ಅಂಡಾಶಯವೇ. ತುಂಬೆ, ತುಳಸಿಗಳ ಲೇಮಿಯೇಸೀಯಲ್ಲಿ ಅಂಡಾಶಯ ನಾಲ್ಕು ಹಾಲೆಗಳಾಗಿ ಸೀಳಿದ್ದು, ಒಣಗಿದ ಪುಷ್ಪಪಾತ್ರೆಯ ಬುಡದಲ್ಲಿ ನಾಲ್ಕು ಸಣ್ಣ ಕಾಳುಗಳಾಗುತ್ತವೆ. ಆಡುಸೋಗೆ, ಕನಕಾಂಬರಗಳ ಅಕ್ಯಾಂಥೇಸೀಯಲ್ಲಿ ಅಂಡಾಶಯ ಸಂಪುಟಫಲವಾಗಿ ಬಲಿತು, ಒಣಗಿದ ಮೇಲೆ ಸಿಡಿದು ಬೀಜವನ್ನೆಸೆಯುತ್ತದೆ.

ಕಾಂಡ ಮುರಿದಾಗ ಹಾಲು ಬಂದರೆ ಸಾಧ್ಯತೆಗಳು ಕಡಿಮೆಯಾಗುತ್ತವೆ. ಎಕ್ಕ, ಕಣಗಿಲೆ, ನಂದಿಬಟ್ಟಲುಗಳ ಅಪೊಸೈನೇಸೀ, ಕಳ್ಳಿಯ ಯುಫೋರ್ಬಿಯೇಸೀ, ಆಲದ ಮೊರೇಸೀ ಇವು ಮುಖ್ಯವಾದವು. ಯುಫೋರ್ಬಿಯೇಸೀಯ ಕಾಯಿ ಸಾಮಾನ್ಯವಾಗಿ ಹರಳಿನ ಕಾಯಿಯ ಹಾಗೆ ಮೂರು ಹಾಲೆಯದು. ಎಕ್ಕದ ಹಾಲು ಕಣ್ಣಿಗೆ ತಾಗಬಾರದು, ಕಣಗಿಲೆ ಮತ್ತು ಉಮ್ಮತ್ತಿಗಳು ವಿಷ. ಇವನ್ನು ಬಿಡಿಸಿದ ಮೇಲೆ ಕೈ ಮತ್ತು ಬ್ಲೇಡನ್ನು ತೊಳೆಯಲೇಬೇಕು.

ಒಂದೇ ಗಿಡಕ್ಕೆ ಎರಡು ಕುಟುಂಬದ ಹೆಸರೇಕೆ

ಹಳೆಯ ಸಸ್ಯಸೂಚಿಯೊಂದರಲ್ಲಿ ಎಕ್ಕವು ಆಸ್ಕ್ಲೆಪಿಯಡೇಸೀ ಎಂದಿದ್ದರೆ ಗಾಬರಿಯಾಗಬೇಕಿಲ್ಲ. ವರ್ಗೀಕರಣದ ಆಧಾರವೇ ಕಾಲಕಾಲಕ್ಕೆ ಬದಲಾಗಿದೆ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಸಸ್ಯಗಳನ್ನು ಬಹುಮಟ್ಟಿಗೆ ಕೇಸರಗಳ ಎಣಿಕೆಯಿಂದ ವಿಂಗಡಿಸಿದಾಗ, ಎರಡು ಕೇಸರಗಳೆಂಬ ಒಂದೇ ಕಾರಣಕ್ಕೆ ಮಲ್ಲಿಗೆಯೂ ಕಾಳುಮೆಣಸೂ ಒಂದೇ ವರ್ಗಕ್ಕೆ ಬಂದುವು. ಎಣಿಸಲು ಸುಲಭ, ಬಂಧುತ್ವಕ್ಕೆ ಸಂಬಂಧವಿಲ್ಲ. 1862 ಮತ್ತು 1883ರ ನಡುವೆ ಬ್ರಿಟನ್ನಿನ ಸಸ್ಯವಿಜ್ಞಾನಿಗಳಾದ ಬೆಂಥಮ್ ಮತ್ತು ಹೂಕರ್ ಅನೇಕ ಲಕ್ಷಣಗಳನ್ನು ಒಟ್ಟಿಗೆ ಪರಿಗಣಿಸಿದ ಪದ್ಧತಿಯನ್ನು ಪ್ರಕಟಿಸಿದರು. ದ್ವಿದಳಗಳನ್ನು ಅವರು ಬಿಡಿದಳದವು, ಕೂಡುದಳದವು, ದಳಗಳ ಸುತ್ತೇ ಇಲ್ಲದವು ಎಂದು ಮೂರಾಗಿ ಒಡೆದರು. ಭಾರತದ ಸಸ್ಯಸಂಗ್ರಹಾಲಯಗಳ ಕಪಾಟುಗಳು ಬಹುಕಾಲ ಈ ಪದ್ಧತಿಯ ಕ್ರಮದಲ್ಲೇ ಇದ್ದುವು. 1998ರಿಂದ ಬಂದ ಎಪಿಜಿ ಪದ್ಧತಿ ಮುಖ್ಯವಾಗಿ ಡಿಎನ್‌ಎ ಹೋಲಿಕೆಯನ್ನು ಆಧರಿಸಿದ್ದು. ಅದರಂತೆ ಎಕ್ಕದ ಕುಟುಂಬ ಅಪೊಸೈನೇಸೀಯಲ್ಲಿ ಲೀನವಾಯಿತು. ಬೂರುಗ, ಕೋಕೋ, ಸೆಣಬುಗಳ ಹಳೆಯ ಕುಟುಂಬಗಳು ಮಾಲ್ವೇಸೀಯೊಳಗೆ ಬಂದುವು. ದೊಡ್ಡದಾಗಿದ್ದ ಲಿಲಿಯೇಸೀ ಒಡೆದು ಈರುಳ್ಳಿ, ಲೋಳೆಸರ, ಅಗ್ನಿಶಿಖೆಗಳು ಬೇರೆ ಬೇರೆ ಮನೆ ಸೇರಿದುವು. ಸಂಪಿಗೆ, ಸೀತಾಫಲ, ಕಾಳುಮೆಣಸುಗಳು ಏಕದಳವೂ ಅಲ್ಲದ, ನಿಜವಾದ ದ್ವಿದಳವೂ ಅಲ್ಲದ ಪ್ರತ್ಯೇಕ ಶಾಖೆಯೆಂದು ತಿಳಿದುಬಂತು.

ಇವೆಲ್ಲಕ್ಕಿಂತ ಅಚ್ಚರಿಯ ಸಂಗತಿ ತಾವರೆಯದು. ಒಂದೇ ಕೆರೆಯಲ್ಲಿ ಬೆಳೆಯುವ ತಾವರೆ ಮತ್ತು ನೈದಿಲೆಗಳನ್ನು ಬೆಂಥಮ್ ಮತ್ತು ಹೂಕರ್ ಒಂದೇ ಕುಟುಂಬದಲ್ಲಿಟ್ಟಿದ್ದರು, ನೋಡಿದವರಿಗೆಲ್ಲ ಅದು ಸರಿಯೆಂದೇ ತೋರುತ್ತಿತ್ತು. ಈಗ ನೈದಿಲೆ ಹೂಬಿಡುವ ಸಸ್ಯಗಳ ಅತಿ ಹಳೆಯ ಕವಲುಗಳಲ್ಲಿ ಒಂದೆಂದೂ, ತಾವರೆಯ ಬಂಧುಗಳಲ್ಲಿ ಕಾಫಿತೋಟಗಳಲ್ಲಿ ನೆರಳಿಗೆ ನೆಟ್ಟ ಸಿಲ್ವರ್ ಓಕ್ ಮರವೂ ಇದೆಯೆಂದೂ ಗೊತ್ತಾಗಿದೆ. ಕಣ್ಣಿಗೆ ಕಾಣುವ ಹೋಲಿಕೆ ನೀರಿನ ಬದುಕಿಗೆ ಎರಡೂ ಹೊಂದಿಕೊಂಡದ್ದರಿಂದ ಬಂದದ್ದು. ಆದರೂ ಬಿಡಿಸಿ ನೋಡುವವರಿಗೆ ಸುಳಿವು ಮೊದಲಿಂದಲೂ ಇತ್ತು: ತಾವರೆಯಲ್ಲಿ ಬಿಡಿಬಿಡಿ ಕಾರ್ಪೆಲ್‌ಗಳು ಲಾಳಿಕೆಯಂಥ ಪೀಠದ ಕುಳಿಗಳಲ್ಲಿ ಹುದುಗಿರುತ್ತವೆ, ನೈದಿಲೆಯಲ್ಲಿ ಅವು ಕೂಡಿಕೊಂಡಿರುತ್ತವೆ.

ಹೊಲದಲ್ಲಿ ಗುರುತಿಸಲು ಬೆಂಥಮ್ ಮತ್ತು ಹೂಕರ್ ಪದ್ಧತಿಯೇ ಅನುಕೂಲ, ಅದು ಕಣ್ಣಿಗೆ ಕಾಣುವ ಲಕ್ಷಣಗಳ ಮೇಲೆ ನಿಂತಿದೆ. ಬರೆದಿಡುವ ಹೆಸರು ಮಾತ್ರ ಎಪಿಜಿಯದಾಗಿರಲಿ ಎಂಬುದು ನನ್ನ ಅಭಿಪ್ರಾಯ.

ಗುರುತಿಸಿದ ಕುಟುಂಬವನ್ನು ತಾಳೆನೋಡಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಸ್ಯಸಂಗ್ರಹಾಲಯ ಅಂತರ್ಜಾಲದಲ್ಲಿ ಒದಗಿಸಿರುವ ಕರ್ನಾಟಕದ ಸಸ್ಯಗಳ ಮಾಹಿತಿ ನೆರವಾಗುತ್ತದೆ. ಬಲ್ಲವರನ್ನು ಕೇಳುವುದಾದರೆ ಹೂವಿನ ಮುಂಭಾಗದ ಒಂದು ಚಿತ್ರ ಸಾಲದು: ಹೂವಿನ ಹಿಂಭಾಗ, ಉದ್ದಕ್ಕೆ ಸೀಳಿದ ಹೂವು, ಅಡ್ಡಲಾಗಿ ಕೊಯ್ದ ಕಾಯಿ, ಎಲೆಗಳು ಕಾಂಡಕ್ಕೆ ಸೇರುವ ಜಾಗ, ಎಲೆಯ ಹಿಂಬದಿ ಇವುಗಳ ಚಿತ್ರಗಳೂ ಬೇಕು, ಅಳತೆಗೆ ಪಕ್ಕದಲ್ಲೊಂದು ಪಟ್ಟಿ ಇಟ್ಟಿರಬೇಕು. ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳೊಳಗೆ ಅನುಮತಿಯಿಲ್ಲದೆ ಹೂವನ್ನು ಕೀಳುವಂತಿಲ್ಲ; ಅಲ್ಲಿ ನೆಲಕ್ಕೆ ಬಿದ್ದ ಹೂವನ್ನೂ ಕಾಯನ್ನೂ ಇದ್ದಲ್ಲಿಯೇ ಮಸೂರದಲ್ಲಿ ನೋಡಿ, ಸೂತ್ರವನ್ನು ಪುಸ್ತಕದಲ್ಲಿ ಬರೆದುಕೊಂಡು, ಅಲ್ಲೇ ಬಿಟ್ಟು ಬರಬೇಕು.